ಎಬ್ಬಿಸಿಯೇ ಹೋಗಿ

ಕೆಳಗಿನ ಮನೆಯ ಅಖಿಲೇಶರ ಹೆಂಡತಿ ಚಹಾ ಕುಡಿದು ಎದ್ದು ಬಾಗಿಲ ಬಳಿ ಹೋದರೆ ಚಪ್ಪಲಿಯೇ ಇಲ್ಲ! ಜೊತೆಗೆ ಬಂದಿದ್ದ ಮಗಳು ನಿಧಿಯದ್ದೂ ಇಲ್ಲ. ಶಹಲಾ ಸೋಫಾದ ಅಡಿಗೆ ಬಗ್ಗಿ ನೋಡಿದಳು, ಕಪಾಟಿನ ಹಿಂದೆ ಕೈ ಹಾಕಿದಳು, ಬಾಲ್ಕನಿಗೆ ಓಡಿದಳು. ಕೊನೆಗೆ ವಾಷಿಂಗ್ ಮಷೀನಿನ ಮುಚ್ಚಳ ಎತ್ತಿದರೆ, ಗಂಡ ಇಮ್ತಿಯಾಜನ ಕಂಪನಿ ಯೂನಿಫಾರ್ಮಿನ ಕೆಳಗೆ ಎರಡು ಜೊತೆ ಚಪ್ಪಲಿಯೂ ಹಾಯಾಗಿ ಕೂತಿದ್ದವು.

"ಹಿಬಾ! ಇದೆಂತ ಇದು?"

"ನನಗೆ ಗೊತ್ತಿಲ್ಲ ಉಮ್ಮ."

"ಗೊತ್ತಿಲ್ವಾ? ಹಾಗಾದ್ರೆ ಚಪ್ಪಲಿ ತಾನಾಗಿಯೇ ಒಗೆಸಿಕೊಳ್ಳಲಿಕ್ಕೆ ಬಂತಾ?"

ಹಿಬಾಳಿಗೆ ಆರು ವರ್ಷ. ಒಂದನೇ ಕ್ಲಾಸು. ಮನೆಗೆ ಯಾರೇ ಬರಲಿ, ಅವಳದ್ದು ಇದೇ ಕಥೆ. ಬಂದವರ ಚಪ್ಪಲಿ ಅಡಗಿಸುವುದು, ಅವರು ಎದ್ದರೆ ಬಾಗಿಲಿಗೆ ಅಡ್ಡ ನಿಲ್ಲುವುದು. ಮಧ್ಯಾಹ್ನ ನಿದ್ದೆ ಎಳೆದು ಕಣ್ಣು ಕೆಂಪಗಾದರೂ ಸರಿ, ನೆಂಟರು ಇರುವಾಗ ಮಲಗು ಎಂದರೆ ಸತ್ತರೂ ಮಲಗುವವಳಲ್ಲ.

ನಿಧಿಯ ಅಮ್ಮ ನಕ್ಕುಬಿಟ್ಟರು. ಅವರು ಇದೇ ಕಟ್ಟಡದ ಮೊದಲ ಮಾಳಿಗೆಯವರು, ಮಂಗಳೂರು ಕಡೆಯವರು. ಆದರೆ ಆ ದಿನ ಅವರು ಬಂದದ್ದೇ ಒಂದು ಸುದ್ದಿ ಹೇಳಲಿಕ್ಕೆ. ಅಖಿಲೇಶರ ಕಂಪನಿಯ ಕೆಲಸ ಮುಗಿದಿತ್ತು. ಬಕ್ರೀದ್ ರಜೆ ಕಳೆದ ಕೂಡಲೇ ಎಕ್ಸಿಟ್ ವೀಸಾ ಹೊಡೆಸಿಕೊಂಡು ಊರಿಗೆ, ಇನ್ನು ವಾಪಸ್ಸಿಲ್ಲ. ಹಿಬಾಳಿಗೆ ಸೌದಿಯ ಇಡೀ ಜುಬೈಲ್ ಊರಿನಲ್ಲಿ ಫ್ರೆಂಡ್ ಎಂದು ಇದ್ದವಳು ಈ ನಿಧಿ ಒಬ್ಬಳೇ.

ಮಾರನೆಯ ದಿನ ಶಾಲೆಯ ವ್ಯಾನಿನಲ್ಲಿ ಹಿಬಾ ನಿಧಿಯ ಕೈಯನ್ನು ಕಚ್ಚಿದಳು. ಹಲ್ಲಿನ ಗುರುತು ಮೂಡುವಷ್ಟು! ನಿಧಿ ಬರೆದುಕೊಟ್ಟಿದ್ದ ಚಿತ್ರಗಳನ್ನೆಲ್ಲ ಹರಿದು ಕಿಟಕಿಯಿಂದ ಹಾರಿಸಿದಳು. "ಯು ಆರ್ ನಾಟ್ ಮೈ ಫ್ರೆಂಡ್, ಗೋ!" ಎಂದು ಕಿರುಚಿದ್ದನ್ನು ಡ್ರೈವರೇ ಬಂದು ಒಪ್ಪಿಸಿದ.

ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಅದೇ ರಗಳೆ.

"ಹೋದ ವರ್ಷ ಆ ಕೇರಳದ ಹುಡುಗಿ ಖತೀಫಿಗೆ ಹೋಗುವಾಗಲೂ ಹೀಗೇ ಮಾಡಿದಳು," ಎಂದಳು ಶಹಲಾ. "ಒಂದು ವಾರ ಮುಂಚೆಯೇ ಜಗಳ ತೆಗೆದು ಮಾತು ಬಿಟ್ಟಳು. ಇವಳಿಗೆ ಎಂತ ಆಗಿದೆ ಅಂತ ನೀವಾದರೂ ಒಮ್ಮೆ ಕೇಳಿ."

ಇಮ್ತಿಯಾಜ್ ಮೀನಿನ ಮುಳ್ಳು ಬಿಡಿಸುತ್ತ, "ಮಕ್ಕಳಲ್ವಾ, ಸರಿ ಆಗ್ತದೆ," ಎಂದ. ಶಿಫ್ಟ್ ಮುಗಿಸಿ ಬಂದವನ ಬಾಯಲ್ಲಿ ಬೇರೆಂಥ ಉತ್ತರ ಬರಬೇಕು?

ಅವನ ತಾಯಿ ಆಮಿನತ್ ಮಾತ್ರ ಸುಮ್ಮನಿರಲಿಲ್ಲ. ವಿಸಿಟ್ ವೀಸಾದಲ್ಲಿ ಉಳ್ಳಾಲದಿಂದ ಬಂದು ಎರಡು ತಿಂಗಳಾಗಿತ್ತು, ಅಡುಗೆಮನೆ ಅವರ ಕೈಗೆ ಹೋಗಿ ಒಂದೂ ಮುಕ್ಕಾಲು ತಿಂಗಳು. "ನಾನು ಹೇಳಿದರೆ ನಿನಗೆ ಬೇಸರ ಶಹಲಾ," ಎಂದರು ಸೊಸೆಯ ತಟ್ಟೆಗೆ ಸಾರು ಬಡಿಸುತ್ತ. "ಹೆತ್ತದ್ದು ಒಬ್ಬಳು, ಹಾಲು ಕೊಟ್ಟದ್ದು ಇನ್ನೊಬ್ಬಳು. ಮಗುವಿಗೆ ಯಾರ ಮೇಲೂ ಜೀವ ನಿಲ್ಲುದಿಲ್ಲ, ಅದಕ್ಕೇ ಈ ಅವಸ್ಥೆ."

ಶಹಲಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. "ನಾನು ಶೋಕಿಗೆ ಕೊಡದೆ ಇದ್ದದ್ದಾ ಮಾಮಿ? ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಬಿದ್ದಿದ್ದೆ!"

"ನಾನೆಲ್ಲಿ ಹಾಗೆ ಹೇಳಿದೆ?"

"ಹೇಳಿದ್ರಿ. ಈಗಷ್ಟೇ ಹೇಳಿದ್ರಿ."

ಹೇಳಿದ್ದು ಸುಳ್ಳೇನೂ ಅಲ್ಲ, ಅದೇ ಸಂಕಟ. ಹಿಬಾ ಹುಟ್ಟಿದ್ದು ಕೊರೊನಾದಿಂದ ವಿಮಾನಗಳೆಲ್ಲ ನಿಂತುಹೋದ ಆ ವರ್ಷ. ಬಾಣಂತನಕ್ಕೆ ಊರಿಂದ ಒಂದು ನರಪಿಳ್ಳೆಯೂ ಬರುವ ಹಾಗಿರಲಿಲ್ಲ. ಹೆರಿಗೆಯ ಹೊಲಿಗೆಗೆ ನಂಜಾಗಿ ಶಹಲಾ ವಾರಗಟ್ಟಲೆ ಆಸ್ಪತ್ರೆಯಲ್ಲಿ ಉಳಿದಳು. ಹಸುಗೂಸನ್ನು ಎತ್ತಿಕೊಂಡು ಇಮ್ತಿಯಾಜ್ ದಿಕ್ಕು ತೋಚದೆ ನಿಂತಾಗ ಎದುರುಮನೆಯ ಬಾಗಿಲು ತೆರೆದದ್ದು ಮಸೂದಾ. ಭಟ್ಕಳದವಳು. ಅವಳ ಮಡಿಲಲ್ಲಿ ಆಗ ಮೂರು ತಿಂಗಳ ಝುಹೈರ್. "ಕೊಡಿ ಇಮ್ತಿಯಾಜ್ ಭಾಯಿ, ಒಬ್ಬನಿಗೆ ಇದ್ದದ್ದು ಇಬ್ಬರಿಗೂ ಆಗ್ತದೆ," ಎಂದು ಮಗುವನ್ನು ಎದೆಗೆ ಹಾಕಿಕೊಂಡವಳು ಒಂದೂವರೆ ವರ್ಷ ಇಳಿಸಲಿಲ್ಲ. ಶಹಲಾ ಮನೆಗೆ ಬಂದಾಗ ಅವಳಲ್ಲಿ ತ್ರಾಣವೂ ಇರಲಿಲ್ಲ, ಹಾಲೂ ಇರಲಿಲ್ಲ. ಹಾಗೆ ಮಸೂದಾ ಹಿಬಾಳ ಹಾಲುತಾಯಿಯಾದಳು. ಝುಹೈರ್ ಶರೀಅತ್ತಿನ ಪ್ರಕಾರವೇ ಅವಳ ಅಣ್ಣನಾದ. ಆಮೇಲೆ ಮಸೂದಾಳ ಗಂಡ ಅಬ್ದುಲ್ ಹಕೀಮ್ ದೂರದ ತಾಯಿಫಿನಲ್ಲಿ ಬಟ್ಟೆಯಂಗಡಿ ಹಾಕಿದ, ಸಂಸಾರ ಅಲ್ಲಿಗೆ ಹೋಯಿತು. ಹಿಬಾಳಿಗೆ ಅದೊಂದೂ ನೆನಪಿಲ್ಲ ಎಂದೇ ಎಲ್ಲರ ಲೆಕ್ಕ.

ಊಟದ ಆ ಜಗಳದ ಬಿಸಿ ಆರುವ ಮೊದಲೇ ತಾಯಿಫಿನಿಂದ ಫೋನು ಬಂತು.

"ಶಹಲಾ! ಕೂತಿದ್ದೀಯಾ, ನಿಂತಿದ್ದೀಯಾ? ನಿಂತಿದ್ರೆ ಕೂತುಕೋ!" ಮಸೂದಾಳ ದನಿಗೆ ಫೋನೇ ಬೇಕಿರಲಿಲ್ಲ, ಕಿಟಕಿ ತೆರೆದಿಟ್ಟಿದ್ದರೂ ಕೇಳುತ್ತಿತ್ತು. "ಬಕ್ರೀದಿನ ಮೂರನೇ ದಿನ ನಾವು ಕಾರಲ್ಲಿ ಹೊರಡ್ತೇವೆ. ನನ್ನ ಮಗಳನ್ನು ನೋಡದೆ ನಾಲ್ಕೂವರೆ ವರ್ಷ ಆಯ್ತು ಮಾರಾಯ್ತಿ!"

ನನ್ನ ಮಗಳು. ಶಹಲಾಳ ಎದೆಯಲ್ಲಿ ಸಂತೋಷ ಉಕ್ಕಿ ಬಂದದ್ದು ನಿಜ, ಅದರ ಬೆನ್ನಿಗೇ ಚುಳುಕ್ಕೆಂದದ್ದೂ ನಿಜ. ಮಗು ಮಸೂದಾಳನ್ನು ಕಂಡ ಕೂಡಲೇ ಓಡಿಹೋಗಿ ಅಪ್ಪಿಕೊಂಡರೆ? ಅತ್ತೆಯ ಮುಂದೆ? "ಬನ್ನಿ ಬನ್ನಿ," ಎಂದಳು. ಫೋನಿಟ್ಟ ಮೇಲೆ ಸಿಂಕಿನಲ್ಲಿದ್ದ ಪಾತ್ರೆಗಳನ್ನು ಎರಡೆರಡು ಸಲ ತೊಳೆದಳು.

ಬಕ್ರೀದ್ ಹತ್ತಿರವಾದಂತೆ ಮನೆಯಲ್ಲಿ ಕಾಲಿಡಲು ಜಾಗವಿಲ್ಲ! ಪರದೆ ಒಗೆದದ್ದಾಯಿತು, ಹಾಸಿಗೆ ಬಾಲ್ಕನಿಗೆ ಬಂತು, ಇಮ್ತಿಯಾಜ್ ಏಸಿಯ ಫಿಲ್ಟರ್ ತೊಳೆಯಲು ಹೋಗಿ ಮೈಯಿಡೀ ಒದ್ದೆ ಮಾಡಿಕೊಂಡ. ಆಮಿನತ್ ಅಕ್ಕಿ ನೆನೆಹಾಕಿದರು, ತೆಂಗಿನಕಾಯಿ ತುರಿದರು, ಪತ್ತಿರ್ ರೊಟ್ಟಿಗೆ ಇದ್ದ ತವ ಸಾಲದೆಂದು ಅಖಿಲೇಶರ ಮನೆಯದ್ದನ್ನೂ ತರಿಸಿದರು.

"ಇಷ್ಟು ಪತ್ತಿರ್ ಯಾರು ತಿನ್ನುದು ಉಮ್ಮ? ಬರುವವರು ಮೂವರು," ಎಂದ ಇಮ್ತಿಯಾಜ್.

"ಭಟ್ಕಳದವರ ಎದುರು ನಮ್ಮ ಮಾನ ತೆಗೀಬೇಡ ನೀನು. ಹೋಗು, ಏಲಕ್ಕಿ ತಾ."

ಹಿಬಾ ಇದನ್ನೆಲ್ಲ ದೂರದಿಂದ ನೋಡುತ್ತಿದ್ದಳು. ಒಮ್ಮೆ ಮಾತ್ರ ಬಂದು ಕೇಳಿದಳು. "ಅವರು ಎಷ್ಟು ದಿನ ಇರ್ತಾರೆ?"

"ನಾಲ್ಕು ದಿನ."

"ಮತ್ತೆ ಎಂತಕ್ಕೆ ಬರುದು?" ಎಂದು ಮುಖ ತಿರುಗಿಸಿ ಹೋದಳು.

ಹಬ್ಬದ ಮೂರನೆಯ ದಿನ ರಾತ್ರಿ ಇಶಾ ನಮಾಝಿನ ಹೊತ್ತಿಗೆ ಕೆಳಗೆ ಹಾರ್ನ್ ಕೇಳಿತು. ಮಸೂದಾ ಬುರ್ಖಾ ಎತ್ತಿ ಹಿಡಿದು ಮೆಟ್ಟಿಲು ಹತ್ತಿದ ವೇಗ ನೋಡಬೇಕಿತ್ತು! ಹಿಂದೆ ಹಕೀಮ್ ಗುಲಾಬಿ ನೀರಿನ ಬಾಟಲಿಗಳ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತಿದ್ದ. ನಡುವೆ ಝುಹೈರ್, ಇಡೀ ದಿನ ಕಾರಿನಲ್ಲಿ ಕೂತು ಸೊಟ್ಟಗಾದ ಕೂದಲಿನೊಂದಿಗೆ. ಬಾಗಿಲಲ್ಲಿ ಅಪ್ಪುಗೆ, ಸಲಾಮು, ನಗು, ಮತ್ತೆ ಅಪ್ಪುಗೆ.

"ಎಲ್ಲಿ ನನ್ನ ಹಿಬ್ಬು?" ಮಸೂದಾ ಎರಡೂ ಕೈ ಚಾಚಿ ಮೊಣಕಾಲೂರಿ ಕೂತಳು.

ಹಿಬಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಮಸೂದಾಳ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ "ನೋ," ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಚಾಚಿದ ಕೈಗಳನ್ನು ಮಸೂದಾ ನಿಧಾನವಾಗಿ ಮಡಚಿಕೊಂಡಳು. "ಇರಲಿ, ಇರಲಿ. ದಣಿದಿರ್ತಾಳೆ," ಎಂದಳು. ದಣಿದವಳು ಮಸೂದಾ! ಒಳಗೊಳಗೇ ಇದನ್ನೇ ಬಯಸಿದ್ದ ಶಹಲಾಳಿಗೆ ಈಗ ಒಂದಿಷ್ಟೂ ಖುಷಿಯಾಗಲಿಲ್ಲ, ನಾಚಿಕೆಯಾಯಿತು. ಊಟಕ್ಕೆ ಬಡಿಸುವಾಗ ಮಸೂದಾಳ ತಟ್ಟೆಗೆ ಕೋಳಿಯ ಒಳ್ಳೆಯ ತುಂಡುಗಳನ್ನೆಲ್ಲ ಹುಡುಕಿ ಹುಡುಕಿ ಹಾಕಿದಳು.

ಆ ಬಾಗಿಲನ್ನು ತೆರೆಸಿದವನು ಝುಹೈರ್. ಮಾರನೆಯ ಬೆಳಿಗ್ಗೆ ಅವನು ಬಾಗಿಲಿನ ಅಡಿಯಿಂದ ಒಂದು ಪತ್ತಿರ್ ತಳ್ಳಿದ. ಆಮೇಲೆ ಇನ್ನೊಂದು. ಒಳಗಿಂದ "ಸಕ್ಕರೆ ಎಲ್ಲಿ?" ಎಂದು ಕೇಳಿತು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಊಟದ ಮೇಜಿನ ಅಡಿಯಲ್ಲಿ ಅಂಗಡಿ ತೆರೆದಿದ್ದರು. ಅವನು ಹಕೀಮನಂತೆ ಬೆಲೆ ಹೇಳುತ್ತಿದ್ದ, ಇವಳು ಆಮಿನತ್‌ರಂತೆ ಚೌಕಾಸಿ ಮಾಡುತ್ತಿದ್ದಳು. ಗಲಾಟೆಯೋ ಗಲಾಟೆ!

ಮಸೂದಾ ಅವಳನ್ನು ಕರೆಯಲಿಲ್ಲ. ಅಡುಗೆಮನೆಯಲ್ಲಿ ಶಾವಿಗೆ ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತ, ಭಟ್ಕಳದ ಮಾತಿನಲ್ಲಿ ಯಾವುದೋ ಜೋಗುಳವನ್ನು ತನ್ನಷ್ಟಕ್ಕೆ ಗುನುಗುತ್ತಿದ್ದಳು. ಹಿಬಾ ಬಾಗಿಲಿಗೆ ಬಂದಳು. ಬಂದವಳು ಒಳಗೆ ಬಂದಳು. ಮೂರನೆಯ ದಿನಕ್ಕೆ ಮಸೂದಾ ಎಲ್ಲಿ ಹೋದರೆ ಅಲ್ಲಿ ಅವಳ ಕಮೀಜಿನ ತುದಿ ಹಿಡಿದು ಇವಳೂ ಹಾಜರು.

"ನೋಡಿದೆಯಾ?" ಎಂದರು ಆಮಿನತ್ ಸೊಸೆಯ ಕಿವಿಯಲ್ಲಿ. ಶಹಲಾ ನೋಡಿದ್ದಳು, ಉರಿದೂ ಇತ್ತು.

ಆ ಮಧ್ಯಾಹ್ನ ಎಲ್ಲರೂ ಉಂಡು ಹಾಲ್‌ನಲ್ಲಿ ಅಡ್ಡಾಗಿದ್ದರು. ಹಿಬಾ ಮಸೂದಾಳ ತೊಡೆಯ ಮೇಲಿದ್ದಳು. ರೆಪ್ಪೆ ಮುಚ್ಚುತ್ತಿತ್ತು, ಬಲವಂತವಾಗಿ ತೆರೆಯುತ್ತಿದ್ದಳು. ತೋಳನ್ನು ತಾನೇ ಚಿವುಟಿಕೊಳ್ಳುತ್ತಿದ್ದಳು.

"ಮಲಗು ಬೇಟಾ," ಎಂದಳು ಮಸೂದಾ.

"ಬೇಡ. ನಾನು ಮಲಗಿದ್ರೆ ನೀವು ಹೋಗ್ತೀರಿ."

"ಯಾರು ಹೇಳಿದ್ದು ಹಾಗೆ?"

"ಯಾರೂ ಹೇಳಿಲ್ಲ. ನನಗೆ ಗೊತ್ತುಂಟು."

ಮಸೂದಾಳ ಕೈ ಮಗುವಿನ ತಲೆಯ ಮೇಲೆ ಹಾಗೇ ನಿಂತಿತು. ಅವಳೂ ಶಹಲಾಳೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ನೆನಪಾದದ್ದು ಒಂದೇ. ತಾಯಿಫಿಗೆ ಮನೆ ಬದಲಿಸಿದ ದಿನ ಊಟದ ನಂತರ ಹಿಬಾಳನ್ನು ತೊಟ್ಟಿಲಲ್ಲಿ ತೂಗಿ ಮಲಗಿಸಿ, ಎಲ್ಲರೂ ತುದಿಗಾಲಲ್ಲಿ ಸಾಮಾನು ಇಳಿಸಿದ್ದರು. ಮಗು ಅಳುವುದನ್ನು ಯಾರು ನೋಡುವುದು? ಗಲ್ಫಿಗೆ ಬರುವ, ಹೋಗುವ ಎಲ್ಲರೂ ಮಾಡುವುದು ಹಾಗೆಯೇ. ಎದ್ದ ಹಿಬಾ ಪುಟುಪುಟು ನಡೆದು ಎದುರುಮನೆಯ ಬಾಗಿಲು ತಟ್ಟಿದಳು. ಎರಡು ಮೂರು ದಿನ ತಟ್ಟಿದಳು, ಆಮೇಲೆ ನಿಲ್ಲಿಸಿದಳು. ಅಬ್ಬಾ, ಮರೆತೇಬಿಟ್ಟಳು ಎಂದು ಎಲ್ಲರಿಗೂ ಸಮಾಧಾನ. ಎಂಥ ಸಮಾಧಾನ!

ಸಂಜೆ ಮಕ್ಕಳು ಕೆಳಗೆ ಆಡಲು ಹೋದಾಗ ಹೊರಡುವ ಮಾತು ಬಂತು.

"ನಾಳೆ ಊಟ ಆದ ಮೇಲೆ ಹುಡುಗಿಯನ್ನು ಹೇಗಾದರೂ ಮಲಗಿಸುವ," ಎಂದರು ಆಮಿನತ್. "ಆಗ ನೀವು ಹೊರಡಿ. ಇಷ್ಟು ಹಚ್ಚಿಕೊಂಡಿದ್ದಾಳೆ, ಎದುರಿಗೆ ಹೊರಟರೆ ರಂಪ ಮಾಡ್ತಾಳೆ."

"ಮಾಡಲಿ ಮಾಮಿ," ಎಂದಳು ಶಹಲಾ.

"ಎಂತ?"

"ರಂಪ ಮಾಡಲಿ. ಈ ಸಲ ಅವಳನ್ನು ಮಲಗಿಸಿ ಯಾರೂ ಹೋಗುದು ಬೇಡ."

"ನಿನಗೆ ತಲೆ ಸರಿ ಉಂಟಾ? ಮಗುವನ್ನು ಅಳಿಸುದು ಎಂಥ ದೊಡ್ಡಸ್ತಿಕೆ? ನಾನೂ ಮೂರು ಮಕ್ಕಳನ್ನು ಸಾಕಿದ್ದೇನೆ. ಇವನ ಬಾಪ ದಮ್ಮಾಮಿಗೆ ಹೊರಡುವಾಗ ಒಂದು ದಿನವೂ ಮಕ್ಕಳನ್ನು ಅಳಲಿಕ್ಕೆ ಬಿಟ್ಟವಳಲ್ಲ. ಮಲಗಿದಾಗಲೇ ಕಳಿಸ್ತಿದ್ದೆ. ಇವನಿಗೆ ಎಂತ ಆಗಿದೆ? ಗಟ್ಟಿಮುಟ್ಟಾಗಿ ಇಲ್ವಾ?"

ಆಗ ಇಮ್ತಿಯಾಜ್ ಎದ್ದುನಿಂತ. ಜನ್ಮದಲ್ಲಿ ತಾಯಿಗೆ ಎದುರು ಮಾತಾಡದವನು!

"ಆಗಿದೆ ಉಮ್ಮ. ನಿಮಗೆ ಗೊತ್ತಿಲ್ಲ ಅಷ್ಟೇ. ಬಾಪ ರಜೆಯಲ್ಲಿ ಬಂದಾಗ ನಾನು ಅವರ ಲುಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಮಲಗ್ತಿದ್ದೆ. ಎಳೆದರೆ ಎಚ್ಚರ ಆಗ್ತದಲ್ವಾ ಅಂತ. ಒಂದು ದಿನ ಎದ್ದು ನೋಡ್ತೇನೆ, ಲುಂಗಿ ನನ್ನ ಮುಷ್ಟಿಯಲ್ಲೇ ಉಂಟು. ಬಾಪ ಇಲ್ಲ. ಲುಂಗಿ ಬಿಚ್ಚಿಟ್ಟು ಪ್ಯಾಂಟು ಹಾಕಿಕೊಂಡು ಹೋಗಿದ್ರು." ಅವನ ದನಿ ಒಡೆಯಿತು. "ಮುಂದಿನ ರಜೆಗೆ ಅವರು ಬಂದಾಗ ನಾನು ಹತ್ತಿರ ಹೋಗಲಿಲ್ಲ. ಆಮೇಲೆ ಯಾವತ್ತೂ ಹೋಗಲಿಲ್ಲ. ಅವರು ತೀರಿಕೊಳ್ಳುವವರೆಗೂ ನಮ್ಮಿಬ್ಬರಿಗೆ ಸರಿಯಾಗಿ ಮಾತೇ ಇರಲಿಲ್ಲ, ನಿಮಗೆ ಗೊತ್ತುಂಟಲ್ಲ."

ಹಕೀಮ್ ಖಾಲಿ ಚಹಾ ಲೋಟವನ್ನೇ ಮತ್ತೊಮ್ಮೆ ತುಟಿಗಿಟ್ಟ.

"ನನಗೆ ಮಾತ್ರ ಸುಲಭ ಇತ್ತಾ?" ಎಂದು ಆಮಿನತ್ ಗೊಣಗಿದರು. ಎದ್ದು ಅಡುಗೆಮನೆಗೆ ಹೋಗಿ ಅನ್ನಕ್ಕೆ ನೀರಿಟ್ಟರು. ಅನ್ನ ಆಗಲೇ ಆಗಿತ್ತು.

ಹಿಬಾಳಿಗೆ ಹೇಳಿದ್ದು ಮಸೂದಾಳೇ. ಮಾರನೆಯ ಬೆಳಿಗ್ಗೆ ತಲೆ ಬಾಚುತ್ತ ಹೇಳಿದಳು. "ಬೇಟಾ, ಇವತ್ತು ಸಂಜೆ ಅಸರ್ ನಮಾಝ್ ಆದ ಮೇಲೆ ನಾವು ಹೊರಡ್ತೇವೆ. ನೀನು ಎದ್ದಿರುವಾಗಲೇ ಹೊರಡ್ತೇವೆ. ನಿನಗೆ ಮುತ್ತು ಕೊಟ್ಟೇ ಹೋಗುದು."

ಹಿಬಾ ತಿರುಗಿ ಬಾಚಣಿಗೆಯನ್ನು ಕಿತ್ತು ಎಸೆದಳು. ಊಟ ಬೇಡವೆಂದಳು. ಝುಹೈರನ ಪೆಟ್ಟಿಗೆಯಿಂದ ಬಟ್ಟೆಗಳನ್ನೆಲ್ಲ ತೆಗೆದು ಹರಡಿದಳು. ಅವನು ಮರಳಿ ತುಂಬಿದ, ಇವಳು ಮತ್ತೆ ತೆಗೆದಳು, ಆಮೇಲೆ ಇಬ್ಬರೂ ಅದೇ ಆಟ ಮಾಡಿಕೊಂಡು ನಗುತ್ತ ನಗುತ್ತ ಅತ್ತರು.

ಅಸರ್ ಆಯಿತು. ಸಾಮಾನು ಇಳಿಯಿತು. ಆಮಿನತ್, "ನನ್ನಿಂದ ಇದೆಲ್ಲ ನೋಡಲಿಕ್ಕೆ ಆಗುದಿಲ್ಲ," ಎಂದು ಮೇಲೆಯೇ ಉಳಿದರು. ಕೆಳಗೆ ಕಾರಿನ ಬಳಿ ಹಿಬಾ ಮಸೂದಾಳ ಕುತ್ತಿಗೆಗೆ ಜೋತುಬಿದ್ದಳು. ಅಬ್ಬಬ್ಬಾ, ಆ ಅಳು! ಎದುರಿನ ಬಕಾಲದ ಬಂಗಾಳಿ ಹುಡುಗರು ಅಂಗಡಿ ಬಿಟ್ಟು ಹೊರಗೆ ಬಂದರು. "ಹೋಗಬೇಡಿ, ಹೋಗಬೇಡಿ," ಎಂದು ಅವಳು ಮಸೂದಾಳ ಬೆನ್ನಿಗೆ ಗುದ್ದಿದಳು. ಮಸೂದಾಳೂ ಅಳುತ್ತಿದ್ದಳು, ಝುಹೈರ್ ಕಾರಿನೊಳಗೆ ಕಿಟಕಿಗೆ ಮೂಗು ಒತ್ತಿ ಅಳುತ್ತಿದ್ದ. ಮಸೂದಾ ಹಣೆಗೆ, ಕೆನ್ನೆಗೆ, ಕೈಗೆ ಮುತ್ತು ಕೊಟ್ಟಳು. "ಹೋಗಿ ಬರ್ತೇನೆ ಹಿಬ್ಬು. ನೋಡು, ಹೇಳಿಯೇ ಹೋಗ್ತಾ ಇದ್ದೇನೆ," ಎಂದು ಕಾರು ಹತ್ತಿದಳು. ಹಕೀಮ್ ಯಲ್ಲಾ, ಹೊರಡುವ ಎನ್ನಲೂ ಬಾಯಿ ಬಾರದೆ ಗೇರು ಹಾಕಿದ.

ಕಾರು ತಿರುವಿನಲ್ಲಿ ಮರೆಯಾಯಿತು. ಹಿಬಾ ರಸ್ತೆಯ ನಡುವೆ ಒಂದು ಕ್ಷಣ ನಿಂತಳು. ಶಹಲಾ ಒಂದು ಹೆಜ್ಜೆ ಮುಂದಿಟ್ಟಳು. ಈಗ ಈ ಮಗು ಎತ್ತ ಓಡುತ್ತದೆ? ಯಾರ ಮೇಲೆ ಸಿಟ್ಟು ತೀರಿಸುತ್ತದೆ?

ಹಿಬಾ ತಿರುಗಿದಳು. ಓಡಿ ಬಂದು ಶಹಲಾಳ ಹೊಟ್ಟೆಗೆ ತಲೆ ಹೊಡೆದಳು, ಆಮೇಲೆ ಅಲ್ಲೇ ಮುಖ ಹುದುಗಿಸಿದಳು. "ಉಮ್ಮಾ, ಹೋದ್ರು! ಉಮ್ಮಾ!" ಎಂದು ಬಿಕ್ಕಿದಳು. ಶಹಲಾ ಸುಡುವ ಫುಟ್‌ಪಾತಿನ ಮೇಲೆ ಹಾಗೇ ಕುಕ್ಕರಿಸಿದಳು. ಮಗು ಮಸೂದಾಳಿಗಾಗಿ ಅಳುತ್ತಿತ್ತು. ಅಳಲು ಬಂದದ್ದು ಮಾತ್ರ ತನ್ನ ಬಳಿಗೆ. ಅಷ್ಟು ಸಾಕಿತ್ತು, ಅದಕ್ಕಿಂತ ಹೆಚ್ಚೇ ಇತ್ತು. ಅವಳೂ ಮಗುವನ್ನು ತಬ್ಬಿ, ಬಕಾಲದವರು ನೋಡಿದರೆ ನೋಡಲಿ ಎಂದು ಅತ್ತಳು.

ಮೇಲೆ ಹೋಗುವಾಗ ಮೊದಲ ಮಾಳಿಗೆಯಲ್ಲಿ ಹಿಬಾ ಕೈ ಬಿಡಿಸಿಕೊಂಡಳು. ಅಖಿಲೇಶರ ಮನೆಯ ಬೆಲ್ ಎಟುಕದೆ ಅಂಗೈಯಿಂದ ದಬದಬ ಬಡಿದಳು. ನಿಧಿ ಬಾಗಿಲು ತೆರೆದು, ಇವಳನ್ನು ಕಂಡು ಕೈಯನ್ನು ಬೆನ್ನ ಹಿಂದೆ ಅಡಗಿಸಿದಳು.

"ಕಚ್ಚುದಿಲ್ಲ," ಎಂದಳು ಹಿಬಾ. ಮೂಗು ಸುರಿಯುತ್ತಿತ್ತು. "ಸಾರಿ. ನೀವು ಯಾವಾಗ ಹೋಗುದು?"

"ಶುಕ್ರವಾರ. ಬೆಳಿಗ್ಗೆ ಬೇಗ."

"ನಾನು ಮಲಗಿದ್ರೆ ಎಬ್ಬಿಸಬೇಕು. ಎಬ್ಬಿಸಿಯೇ ಹೋಗಬೇಕು. ಪ್ರಾಮಿಸ್?"

ನಿಧಿ ಸ್ವಲ್ಪ ಯೋಚಿಸಿದಳು. "ಪ್ರಾಮಿಸ್," ಎಂದಳು. "ನಿನ್ನ ಮುಖ ಎಂತ ಟೊಮೆಟೊ ಹಾಗೆ ಆಗಿದೆ?"

"ಅತ್ತದ್ದು," ಎಂದಳು ಹಿಬಾ, ಅದೊಂದು ಘನಕಾರ್ಯ ಎಂಬಂತೆ. ಇಬ್ಬರೂ ಕಿಸಕ್ಕನೆ ನಕ್ಕರು.

ಮನೆಯೊಳಗೆ ಕಾಲಿಟ್ಟರೆ ಅಡುಗೆಮನೆಯಲ್ಲಿ ನಲ್ಲಿ ಸುರಿಯುವ ಸದ್ದು. ಸಿಂಕಿನಲ್ಲಿ ಒಂದು ಪಾತ್ರೆಯೂ ಇಲ್ಲ. ಆಮಿನತ್ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ದುಪಟ್ಟದ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದರು. ಹೆಗಲು ಮಾತ್ರ ಕುಲುಕುತ್ತಿತ್ತು.

"ಮಾಮೀ!" ಶಹಲಾ ಓಡಿದಳು.

ಆಮಿನತ್ ತಲೆಯಾಡಿಸಿದರು. "ಎಂತ ಇಲ್ಲ, ಎಂತ ಇಲ್ಲ. ಇಮ್ತಿಯಾಜನ ಬಾಪ ಹೊರಟು ಹೋಗುವಾಗ ಒಂದು ಸಲವಾದರೂ ಬಾಯಿಬಿಟ್ಟು ಅಳಲಿಕ್ಕೆ ಆಗಿದ್ದರೆ ನನಗೆ... ಮಕ್ಕಳು ಏಳ್ತಾರಲ್ಲ ಶಹಲಾ. ಬಟ್ಟೆ ಕಚ್ಚಿಕೊಂಡೇ ಅಳುದು. ಅಭ್ಯಾಸ ಆಗಿಬಿಟ್ಟಿದೆ."

ಹಿಬಾ ಸ್ಟೂಲು ಎಳೆದು ಹತ್ತಿ ನಲ್ಲಿ ನಿಲ್ಲಿಸಿದಳು. ಅಜ್ಜಿಯ ಬಾಯಿಯಿಂದ ದುಪಟ್ಟವನ್ನು ಮೆಲ್ಲಗೆ ಎಳೆದು ತೆಗೆದಳು.

"ಜೋರಾಗಿ ಅಳಿ ಅಜ್ಜಿ," ಎಂದಳು. "ಇಲ್ಲಿ ಯಾರೂ ಮಲಗಿಲ್ಲ."

ಆಮಿನತ್ ಅತ್ತರು. ಮೇಲಿನ ಮನೆಯ ಈಜಿಪ್ಟಿನ ಹೆಂಗಸು ಗಾಬರಿಯಿಂದ ಇಳಿದು ಬಂದು ಬಾಗಿಲು ಬಡಿಯುವಷ್ಟು ಜೋರಾಗಿ ಅತ್ತರು.